ಕನ್ನಡಕದ ಲೆನ್ಸು, ರಟ್ಟಿನ ತೂತು: ನಾನು ಟೆಲಿಸ್ಕೋಪ್ ಮಾಡಿದ ಬಗೆ

ಮನೆಯಲ್ಲೇ ಟೆಲಿಸ್ಕೋಪ್ ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ಲೆನ್ಸಿನ ಬಗ್ಗೆ. ಎಷ್ಟು ಪವರ್? ಎಷ್ಟು ದೊಡ್ಡದು? ಎಲ್ಲಿ ಸಿಗುತ್ತದೆ? ಬೆಳಕನ್ನು ಎಲ್ಲಿ ತಡೆಯಬೇಕು, ಎಷ್ಟು ತಡೆಯಬೇಕು ಅಂತ ಯಾರೂ ಕೇಳುವುದಿಲ್ಲ. ನಾನು ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಅವರ ಜೊತೆ ಸೇರಿ ಕನ್ನಡಕದ ಲೆನ್ಸಿನಿಂದ ಟೆಲಿಸ್ಕೋಪ್ ಕಟ್ಟುವುದು ನನಗೆ ಬಹಳ ಇಷ್ಟದ ಕೆಲಸ. ಅದನ್ನು ಮಾಡುತ್ತಾ ಮಾಡುತ್ತಾ ನನ್ನಲ್ಲಿ ಗಟ್ಟಿಯಾದ ವಿಷಯ ಇದು: ಬಿಂಬ ಎಲ್ಲಿ ಮೂಡಬೇಕು ಅಂತ ನಿರ್ಧರಿಸುವುದು ಲೆನ್ಸು. ಆ ಬಿಂಬ ಎಷ್ಟು ಚೆನ್ನಾಗಿರಬೇಕು ಅಂತ ನಿರ್ಧರಿಸುವುದು ಬಹುಪಾಲು ಅದರ ಮುಂದಿನ ತೂತು. ಈ ತೂತಿಗೆ ಸ್ಟಾಪ್ ಅನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಸಿಗುವ ಜಾಗ ತೀರಾ ಕಡಿಮೆ.

ಲೆನ್ಸಿನ ವಿಷಯ ಬೇಗ ಮುಗಿಸುತ್ತೇನೆ. ಕನ್ನಡಕದ ಅಂಗಡಿಗೆ ಹೋಗಿ ಪ್ಲಸ್ ಒಂದು ಪವರಿನ, ಕತ್ತರಿಸದ ಲೆನ್ಸು ಕೇಳಿದೆ.

"ಎಂತ ಸರ್, ಫ್ರೇಮ್ ಬೇಡ್ವಾ?" ಅಂದರು ಅಂಗಡಿಯವರು.

"ಬೇಡ ಮಾರಾಯ್ರೆ, ಇದು ಚಂದ್ರನನ್ನು ನೋಡ್ಲಿಕ್ಕೆ. ಒಂದೇ ಲೆನ್ಸು ಸಾಕು."

ದೂರದಿಂದ ಬಂದ ಬೆಳಕನ್ನು ಲೆನ್ಸು ಎಷ್ಟು ದೂರದಲ್ಲಿ ಒಂದು ಬಿಂದುವಿಗೆ ಸೇರಿಸುತ್ತದೋ ಅದು ಸಂಗಮ ದೂರ. ಪವರ್ ಅಂದರೆ ಒಂದನ್ನು ಮೀಟರಿನಲ್ಲಿ ಅಳೆದ ಈ ಸಂಗಮ ದೂರದಿಂದ ಭಾಗಿಸಿದ್ದು. ಪ್ಲಸ್ ಒಂದಕ್ಕೆ ಸಂಗಮ ದೂರ 1 ಮೀಟರ್, ಪ್ಲಸ್ ಎರಡಕ್ಕೆ ಅರ್ಧ ಮೀಟರ್. ಕತ್ತರಿಸದ ಲೆನ್ಸು ಸಾಮಾನ್ಯವಾಗಿ 65ರಿಂದ 70 ಮಿ.ಮೀ. ಅಗಲ ಇರುತ್ತದೆ. ನಮ್ಮ ಪಿವಿಸಿ ಪೈಪಿಗೆ ಕೂರುವ ಹಾಗೆ 65ಕ್ಕೆ ಉಜ್ಜಿ ಕೊಟ್ಟರು.

ಅಂಗಡಿಯಲ್ಲಿ ಒಂದು ವಿಷಯಕ್ಕೆ ಹಟ ಹಿಡಿಯಬೇಕು. ಪಾಲಿಕಾರ್ಬೊನೇಟ್ ಬೇಡ, ಸಾದಾ ಗಾಜು ಇಲ್ಲವೇ ಸಿಆರ್-39 ಪ್ಲಾಸ್ಟಿಕ್ ಕೊಡಿ ಅನ್ನಬೇಕು. ಯಾವುದೇ ಒಂಟಿ ಉಬ್ಬು ಲೆನ್ಸು ನೀಲಿಯನ್ನು ಹತ್ತಿರ, ಕೆಂಪನ್ನು ಸ್ವಲ್ಪ ದೂರ ಸೇರಿಸುತ್ತದೆ. ಈ ಚದುರುವಿಕೆಯನ್ನು ಅಳೆಯಲು ಅಬ್ಬೆ ಸಂಖ್ಯೆ ಅಂತ ಒಂದು ಉಂಟು. ಸಂಖ್ಯೆ ಜಾಸ್ತಿ ಇದ್ದಷ್ಟು ಚದುರುವಿಕೆ ಕಡಿಮೆ. ಸಾದಾ ಕ್ರೌನ್ ಗಾಜಿಗೂ ಸಿಆರ್-39ಕ್ಕೂ ಅದು 58ರ ಆಸುಪಾಸು, ಪಾಲಿಕಾರ್ಬೊನೇಟಿಗೆ ಬರೀ 30. ಸಂಗಮ ದೂರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಕೆಂಪು ಮತ್ತು ನೀಲಿ ಸಂಗಮಗಳ ನಡುವಿನ ಅಂತರ ಸಿಗುತ್ತದೆ. ನಮ್ಮ 1 ಮೀಟರ್ ಲೆನ್ಸಿಗೆ ಮೊದಲನೆಯದರಲ್ಲಿ 17 ಮಿ.ಮೀ., ಎರಡನೆಯದರಲ್ಲಿ 33 ಮಿ.ಮೀ. ಕನ್ನಡಕಕ್ಕೆ ಪಾಲಿಕಾರ್ಬೊನೇಟ್ ಒಳ್ಳೆಯದೇ, ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ. ನಮ್ಮ ಕೆಲಸಕ್ಕೆ ಮಾತ್ರ ಆಗುವುದಿಲ್ಲ.

ಲೆನ್ಸು ತಂದ ಮೇಲೆ ಮಕ್ಕಳಿಂದ ಮೊದಲು ಮಾಡಿಸುವ ಪ್ರಯೋಗಕ್ಕೆ ಟೆಲಿಸ್ಕೋಪೇ ಬೇಡ. ಕೋಣೆಯ ದೀಪ ಆರಿಸಿ, ಕಿಟಕಿಯ ಎದುರಿನ ಗೋಡೆಗೆ ಬಿಳಿ ಕಾಗದ ಅಂಟಿಸಿ, ಲೆನ್ಸನ್ನು ಹಿಂದೆ ಮುಂದೆ ಸರಿಸಬೇಕು. ಹೊರಗಿನ ತೆಂಗಿನ ಮರ ತಲೆಕೆಳಗಾಗಿ ಕಾಗದದ ಮೇಲೆ ಮೂಡುತ್ತದೆ. ಕಾಗದಕ್ಕೂ ಲೆನ್ಸಿಗೂ ಇರುವ ದೂರವೇ ಹೆಚ್ಚುಕಡಿಮೆ ಸಂಗಮ ದೂರ. ಇಷ್ಟಾದ ಮೇಲೆ ನಾನು ಕೇಳುವ ಪ್ರಶ್ನೆ: ಲೆನ್ಸಿನ ಅರ್ಧ ಭಾಗವನ್ನು ರಟ್ಟಿನಿಂದ ಮುಚ್ಚಿದರೆ ಏನಾಗುತ್ತದೆ?

ಬಹಳ ಮಕ್ಕಳು ಅರ್ಧ ಮರ ಮಾಯವಾಗುತ್ತದೆ ಅನ್ನುತ್ತಾರೆ. ಚೆನ್ನಾಗಿ ಓದುವವರೂ ಹಾಗೇ ಅನ್ನುತ್ತಾರೆ. ಮುಚ್ಚಿ ನೋಡಿದರೆ ಮರ ಪೂರ್ತಿ ಇರುತ್ತದೆ, ಬೆಳಕು ಮಾತ್ರ ಅರ್ಧಕ್ಕೆ ಇಳಿಯುತ್ತದೆ. ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಆ ಕ್ಷಣಕ್ಕಾಗಿಯೇ ನಾನು ಪ್ರತಿ ವರ್ಷ ಇದನ್ನು ಮಾಡಿಸುತ್ತೇನೆ.

ತೊಡಕು ಇರುವುದು ನಾವು ಬೋರ್ಡಿನ ಮೇಲೆ ಬರೆಯುವ ಚಿತ್ರದಲ್ಲಿ. ವಸ್ತುವಿನ ಬದಲು ಒಂದು ಬಾಣ ಬರೆದು, ಅದರ ತುದಿಯಿಂದ ಎರಡು ಕಿರಣ ಎಳೆಯುತ್ತೇವೆ. ಒಂದು ಅಕ್ಷಕ್ಕೆ, ಅಂದರೆ ಲೆನ್ಸಿನ ನಡುವೆ ನೇರ ಹಾಯುವ ಗೆರೆಗೆ, ಸಮಾನಾಂತರ, ಇನ್ನೊಂದು ಲೆನ್ಸಿನ ನಡುವಿನಿಂದ. ಬಿಂಬ ಎಲ್ಲಿ ಮೂಡುತ್ತದೆ ಅಂತ ಹುಡುಕಲು ಈ ಎರಡು ಸಾಕು. ಆದರೆ ಬಿಂಬವನ್ನು ಮೂಡಿಸುವುದು ಈ ಎರಡೇ ಕಿರಣಗಳಲ್ಲ. ಮರದ ಒಂದೊಂದು ಬಿಂದುವಿನಿಂದ ಹೊರಟ ಬೆಳಕು ಲೆನ್ಸಿನ ಇಡೀ ಮುಖವನ್ನು ತುಂಬುತ್ತದೆ. ಆಚೆ ಬದಿಯಲ್ಲಿ ಶಂಕುವಿನ ಆಕಾರದಲ್ಲಿ ಕಿರಿದಾಗುತ್ತಾ ಹೋಗಿ ಒಂದು ಬಿಂದುವಿಗೆ ಸೇರುತ್ತದೆ. ಲೆನ್ಸಿನ ಯಾವ ತುಂಡನ್ನು ಬಿಟ್ಟರೂ ಆ ತುಂಡು ಇಡೀ ಮರವನ್ನು ಮೂಡಿಸಬಲ್ಲದು. ಈ ಶಂಕುವಿನ ದಪ್ಪವನ್ನು ನಿರ್ಧರಿಸುವ ತೂತಿಗೆ ಅಪರ್ಚರ್ ಸ್ಟಾಪ್ ಅಂತ ಹೆಸರು. ಅದು ಲೆನ್ಸಿನ ಅಂಚೇ ಆಗಿರಬಹುದು, ಮುಂದೆ ಇಟ್ಟ ರಟ್ಟಿನ ಬಳೆಯೂ ಆಗಬಹುದು.

ಶಂಕು ಸಣ್ಣದಾದರೆ ಲಾಭ ಏನು? ಬಿಂದು ಸರಿಯಾಗಿ ಸೇರುವ ಜಾಗಕ್ಕಿಂತ ಸ್ವಲ್ಪ ಹಿಂದೆ ಮುಂದೆ ಕಾಗದ ಇಟ್ಟರೂ ಅಲ್ಲಿ ಶಂಕುವಿನ ಅಗಲ ಕಡಿಮೆಯೇ ಇರುತ್ತದೆ. ಮಸುಕೂ ಕಡಿಮೆ. ನನ್ನ ಅಮ್ಮ ಮಾತ್ರೆಯ ಹಾಳೆ ಮೇಲಿನ ಹೆಸರನ್ನು ಕನ್ನಡಕ ಇಲ್ಲದೆ ಓದಬೇಕಾದರೆ ಅಂಗಳದ ಬಿಸಿಲಿಗೆ ಬರುತ್ತಾರೆ. ಬಿಸಿಲಿಗೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಅಕ್ಷರ ಎದ್ದು ಕಾಣುತ್ತದೆ. ಕಣ್ಣಿನ ಡಾಕ್ಟರು ಸಣ್ಣ ತೂತಿನ ತಟ್ಟೆ ಹಿಡಿದು ಓದಿಸುವುದೂ ಇದೇ ಕಾರಣಕ್ಕೆ. ತೂತಿನಲ್ಲಿ ಚೆನ್ನಾಗಿ ಕಂಡರೆ ತೊಂದರೆ ಹೆಚ್ಚಾಗಿ ಕನ್ನಡಕದಿಂದ ಸರಿಹೋಗುವಂಥದ್ದು.

ಈಗ ಟೆಲಿಸ್ಕೋಪಿಗೆ ಬರೋಣ. ಕೆಪ್ಲರ್ 1611ರಲ್ಲಿ ವಿವರಿಸಿದ ಜೋಡಣೆ ನಮ್ಮದು, ಎರಡೂ ಉಬ್ಬು ಲೆನ್ಸು. ಮುಂದೆ 1 ಮೀಟರಿನ ಕನ್ನಡಕದ ಲೆನ್ಸು, ಉಬ್ಬಿದ ಮುಖ ಆಕಾಶದ ಕಡೆ. ಹಿಂದೆ ವಾಚ್ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವ ಲೆನ್ಸು. 5 ಪಟ್ಟು ಅಂತ ಬರೆದದ್ದರ ಸಂಗಮ ದೂರ 50 ಮಿ.ಮೀ. ಹಾಗಾಗಿ ವರ್ಧನೆ 1000 ಭಾಗಿಸು 50, ಅಂದರೆ 20 ಪಟ್ಟು. ಪೈಪಿನ ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದೆವು.

65 ಮಿ.ಮೀ. ಲೆನ್ಸನ್ನು ಪೂರ್ತಿ ತೆರೆದಿಟ್ಟು ಚಂದ್ರನನ್ನು ನೋಡಿದರೆ ಅಂಚಿನ ಸುತ್ತ ನೇರಳೆ, ಕುಳಿಗಳೆಲ್ಲ ಕಲಸಿದ ಹಾಗೆ. "ಸರ್, ಲೆನ್ಸು ಹಾಳುಂಟಾ?" ಅಂತ ಮಕ್ಕಳು ಕೇಳಿದರು. ಲೆನ್ಸಿಗೇನೂ ಆಗಿರಲಿಲ್ಲ. ಲೆಕ್ಕ ಹೀಗೆ: ಕೆಂಪು ಮತ್ತು ನೀಲಿ ಸಂಗಮಗಳ ನಡುವೆ 17 ಮಿ.ಮೀ. ಇದೆ. ಸರಿ ನಡುವೆ ನೋಡಿದರೆ ಬಣ್ಣದ ಮಸುಕಿನ ಅಗಲ 65 ಗುಣಿಸು 17 ಭಾಗಿಸು 2000, ಅಂದರೆ ಸುಮಾರು 0.55 ಮಿ.ಮೀ. ಆ ಲೆನ್ಸು ಮೂಡಿಸುವ ಚಂದ್ರನ ಬಿಂಬವೇ ಸುಮಾರು 9 ಮಿ.ಮೀ. ಅಷ್ಟು ಸಣ್ಣ ಬಿಂಬದಲ್ಲಿ ಅರ್ಧ ಮಿ.ಮೀ. ಮಸುಕು ಅಂದರೆ ಬಹಳ ಜಾಸ್ತಿ, ಅಲ್ವಾ?

ಕಂಪಾಸಿನಿಂದ ಕಪ್ಪು ರಟ್ಟಿನಲ್ಲಿ 20, 30, 40, 50 ಮಿ.ಮೀ. ತೂತುಗಳನ್ನು ಕತ್ತರಿಸಿ ಒಂದೊಂದಾಗಿ ಲೆನ್ಸಿನ ಮುಂದೆ ಇಟ್ಟು ನೋಡಿದೆವು. 30ರ ರಟ್ಟು ಇಟ್ಟಾಗ ಮಸುಕು ಅರ್ಧಕ್ಕಿಂತ ಕೆಳಗೆ ಇಳಿಯಿತು, ಚಂದ್ರನ ಮೇಲೆ ಬೆಳಕು ಕತ್ತಲೆ ಸೇರುವ ಗೆರೆಯಲ್ಲಿ ಕುಳಿಗಳ ಅಂಚು ನಿಂತಿತು. ಬೆಳಕು ಐದರಲ್ಲಿ ಒಂದು ಪಾಲು ಮಾತ್ರ ಉಳಿದಿತ್ತು. ಆದರೂ ಕತ್ತಲಲ್ಲಿ 6 ಮಿ.ಮೀ. ಅಗಲವಾದ ಪಾಪೆಗೆ ಹೋಲಿಸಿದರೆ ಅದು 25 ಪಟ್ಟು ಬೆಳಕು. ಗುರುಗ್ರಹದ ನಾಲ್ಕು ಚಂದ್ರರನ್ನು ನೋಡಲು ಧಾರಾಳ ಸಾಕು. 1610ರ ಜನವರಿಯಲ್ಲಿ ಅವನ್ನು ಕಂಡ ಗೆಲಿಲಿಯೋ ಕೂಡ ತನ್ನ ಲೆನ್ಸುಗಳ ಅಂಚನ್ನು ಹೀಗೇ ಮುಚ್ಚುತ್ತಿದ್ದ. ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ನಿಜಕ್ಕೂ ಖುಷಿಯಾಗುತ್ತದೆ. ಅವನ ಕೈಯಲ್ಲಿ ಇದ್ದದ್ದೂ ಬಣ್ಣ ಚದುರಿಸುವ ಒಂಟಿ ಲೆನ್ಸೇ.

ಹಾಗಾದರೆ 10 ಮಿ.ಮೀ. ಯಾಕೆ ಬೇಡ? ಬೆಳಕು ಅಲೆ. ತೂತು ಕಿರಿದಾದಷ್ಟು ಅಂಚಿನಲ್ಲಿ ಜಾಸ್ತಿ ಹರಡುತ್ತದೆ. 116ನ್ನು ಮಿ.ಮೀ. ಅಗಲದಿಂದ ಭಾಗಿಸಿದರೆ ಬೇರೆ ಬೇರೆಯಾಗಿ ಕಾಣಬಲ್ಲ ಎರಡು ನಕ್ಷತ್ರಗಳ ಅಂತರ ಆರ್ಕ್‌ಸೆಕೆಂಡಿನಲ್ಲಿ (ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು) ಸಿಗುತ್ತದೆ. 30ಕ್ಕೆ ಅದು ಸುಮಾರು 4, 10ಕ್ಕೆ ಸುಮಾರು 12. ಗುರುವಿನ ಇಡೀ ತಟ್ಟೆಯೇ 40ರ ಆಸುಪಾಸು ಇರುವಾಗ 12 ತೀರಾ ಒರಟು. ಚಂದ್ರನಿಗೆ, ಗ್ರಹಗಳಿಗೆ ನನ್ನ ಆಯ್ಕೆ 30. ಕೃತ್ತಿಕೆಯಂಥ ಮಂದ ಗುಂಪಿಗೆ 40.

ತೂತು ಎಷ್ಟು ದೊಡ್ಡದು ಅನ್ನುವಷ್ಟೇ ಮುಖ್ಯ ಅದು ಎಲ್ಲಿದೆ ಅನ್ನುವುದು. ಹಗಲಲ್ಲಿ ಟೆಲಿಸ್ಕೋಪನ್ನು ಖಾಲಿ ಆಕಾಶದ ಕಡೆ ತಿರುಗಿಸಿ, ಸೂರ್ಯನಿಂದ ಬಹಳ ದೂರ, ಕಣ್ಣಿನ ಲೆನ್ಸಿನ ಹಿಂದೆ ಟ್ರೇಸಿಂಗ್ ಕಾಗದ ಹಿಡಿಯಿರಿ. ಒಂದು ಪುಟ್ಟ ಬೆಳಕಿನ ಚುಕ್ಕೆ ಕಾಣುತ್ತದೆ. ಅದು ಮುಂದಿನ ತೂತಿನ ಬಿಂಬ, ಕಣ್ಣು ಇಡಬೇಕಾದ ಜಾಗವೂ ಅದೇ. ಅದಕ್ಕೆ ಎಕ್ಸಿಟ್ ಪ್ಯೂಪಿಲ್ ಅನ್ನುತ್ತಾರೆ. ಅದರ ಅಗಲ ಮುಂದಿನ ತೂತನ್ನು ವರ್ಧನೆಯಿಂದ ಭಾಗಿಸಿದಷ್ಟು.

ಒಬ್ಬ ವಿದ್ಯಾರ್ಥಿನಿಯ ಟೆಲಿಸ್ಕೋಪಿನಲ್ಲಿ ಮುಂದೆ 50ರ ತೂತು ಇತ್ತು. ಚುಕ್ಕೆ 2.5 ಮಿ.ಮೀ. ಇರಬೇಕು. ಅಳೆದರೆ 1.5 ಬಂತು. ಅಂದರೆ ಕೆಲಸ ಮಾಡುತ್ತಿದ್ದದ್ದು 30 ಮಿ.ಮೀ. ಮಾತ್ರ! ಹುಡುಕಿದಾಗ ಸಿಕ್ಕಿದ್ದು ಪೈಪಿನ ಸರಿ ನಡುವೆ, ಅಡ್ಡ ಬೆಳಕು ತಡೆಯಲು ಅಂಟಿಸಿದ ರಟ್ಟಿನ ಬಳೆ. ಅದರ ತೂತು 15 ಮಿ.ಮೀ. ಆ ಜಾಗದಲ್ಲಿ ಬೆಳಕಿನ ಶಂಕು 25 ಮಿ.ಮೀ. ಅಗಲ ಇರುತ್ತದೆ. ಯಾವುದನ್ನು ಅಪರ್ಚರ್ ಸ್ಟಾಪ್ ಅಂದುಕೊಂಡಿದ್ದೆವೋ ಅದು ಬರೀ ಅಲಂಕಾರವಾಗಿತ್ತು. ಯಾವ ಉಪಕರಣ ಕಟ್ಟಿದರೂ ಈ ಚುಕ್ಕೆಯನ್ನು ಅಳೆಯದೆ ನಾನು ಮುಂದೆ ಹೋಗುವುದಿಲ್ಲ.

ಇದೇ ಲೆಕ್ಕ ಮಲ್ಪೆಯಲ್ಲಿ ಬೇರೆ ರೀತಿಯಲ್ಲಿ ಎದುರಾಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ 7x50 (ವರ್ಧನೆ 7 ಪಟ್ಟು, ಮುಂದಿನ ಲೆನ್ಸು 50 ಮಿ.ಮೀ.) ಬೈನಾಕ್ಯುಲರಿನಿಂದ ಸೇಂಟ್ ಮೇರೀಸ್ ದ್ವೀಪದ ಕಡೆ ನೋಡುವವರನ್ನು ಕಂಡಿದ್ದೇನೆ. ಅದರ ಚುಕ್ಕೆ ಸುಮಾರು 7 ಮಿ.ಮೀ. ಬಿಸಿಲಲ್ಲಿ ಪಾಪೆ 3 ಮಿ.ಮೀ.ಗೂ ಕಡಿಮೆ ಆಗಬಹುದು. ಆಗ ಸ್ಟಾಪ್ ಆಗುವುದು ನಮ್ಮ ಕಣ್ಣೇ. ಮುಂದಿನ 50 ಮಿ.ಮೀ. ಲೆನ್ಸಿನಲ್ಲಿ ನಡುವಿನ 20 ಮಿ.ಮೀ. ಚಿಲ್ಲರೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಹಗಲಿಗೆ 8x25 ಸಾಕು, ಕುತ್ತಿಗೆಗೂ ಹಗುರ.

ಇನ್ನೊಂದು ಸ್ಟಾಪ್ ಉಂಟು, ಫೀಲ್ಡ್ ಸ್ಟಾಪ್. ಅದು ಬೆಳಕಿನ ಪ್ರಮಾಣವನ್ನು ಮುಟ್ಟುವುದಿಲ್ಲ, ಎಷ್ಟು ಆಕಾಶ ಕಾಣಬೇಕು ಅನ್ನುವುದನ್ನು ನಿರ್ಧರಿಸುತ್ತದೆ. ಮುಂದಿನ ಲೆನ್ಸಿನ ಬಿಂಬ ಮೂಡುವ ಸರಿಯಾದ ಜಾಗದಲ್ಲಿ 18 ಮಿ.ಮೀ. ತೂತಿನ ಬಳೆ ಇಟ್ಟೆವು. ಆಕಾಶದ ಸುಮಾರು 1 ಡಿಗ್ರಿ ಕಾಣುತ್ತದೆ, ಚಂದ್ರ ಅದರಲ್ಲಿ ಅರ್ಧದಷ್ಟು. ಬಳೆ ಸರಿ ಜಾಗದಲ್ಲಿದ್ದರೆ ನೋಟದ ಅಂಚು ಕತ್ತರಿಸಿದಷ್ಟು ಚೂಪಾಗಿರುತ್ತದೆ. ಅಂಚು ಮಸುಕಾಗಿದ್ದರೆ ಬಳೆಯನ್ನು ಹಿಂದೆ ಮುಂದೆ ಸರಿಸಬೇಕು.

ಜಾಗದ ಮಹತ್ವ ತೋರಿಸಲು ನನಗೆ ತುಂಬಾ ಇಷ್ಟವಾದ ಪ್ರಯೋಗಕ್ಕೆ ಓದುವ ಭೂತಗನ್ನಡಿ ಮತ್ತು ಸಣ್ಣ ತೂತಿನ ರಟ್ಟು ಸಾಕು. ಕಿಟಕಿಯ ಸರಳುಗಳ ಬಿಂಬವನ್ನು ಕಾಗದದ ಮೇಲೆ ಮೂಡಿಸಿ. ರಟ್ಟನ್ನು ಲೆನ್ಸಿನ ಮುಂದೆ, ಕಿಟಕಿಯ ಕಡೆ, ಸ್ವಲ್ಪ ದೂರ ಹಿಡಿದರೆ ಸರಳುಗಳು ಹೊರಗೆ ಉಬ್ಬುತ್ತವೆ. ಲೆನ್ಸಿನ ಹಿಂದೆ ಹಿಡಿದರೆ ಒಳಗೆ ಬಾಗುತ್ತವೆ. ಲೆನ್ಸು ಅದೇ, ತೂತು ಅದೇ. ಅಂಚಿನ ಸರಳಿನ ಬೆಳಕು ಲೆನ್ಸಿನ ಯಾವ ಭಾಗದ ಮೂಲಕ ಹೋಗಬೇಕು ಅನ್ನುವುದನ್ನು ತೂತಿನ ಜಾಗ ಬದಲಿಸುತ್ತದೆ. ಹಳೆಯ ಕ್ಯಾಮೆರಾಗಳಲ್ಲಿ ಒಂದೇ ಥರದ ಎರಡು ಲೆನ್ಸಿಟ್ಟು ನಡುವೆ ಸ್ಟಾಪ್ ಇಡುತ್ತಿದ್ದದ್ದು ಈ ಎರಡೂ ಬಾಗುಗಳು ಒಂದನ್ನೊಂದು ಕಳೆಯಲಿ ಅಂತ.

ಎಚ್ಚರಿಕೆ ಒಂದೇ: ಈ ಟೆಲಿಸ್ಕೋಪಿನಲ್ಲಿ ಸೂರ್ಯನನ್ನು ಯಾವತ್ತೂ ನೋಡಬಾರದು, 30ರ ತೂತು ಇದ್ದರೂ ಕಣ್ಣು ಹೋಗುತ್ತದೆ. ಮತ್ತೆ ನಮ್ಮ ಕರಾವಳಿಯ ಮಳೆಗಾಲದಲ್ಲಿ ಲೆನ್ಸಿನ ಮೇಲೆ ಬೂಷ್ಟು ಬರುತ್ತದೆ. ಜೂನ್ ಬರುವ ಮೊದಲೇ ಬಿಚ್ಚಿ, ಒರೆಸಿ, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಗೆ ಹಾಕಿಡುತ್ತೇವೆ. ಹೊರತೆಗೆಯುವುದು ದೀಪಾವಳಿ ಕಳೆದ ಮೇಲೆ.

ಈ ಸಲ ಹಳೆಯ ಬೈನಾಕ್ಯುಲರಿನ ಮುಂದಿನ ಲೆನ್ಸನ್ನು ಬಳಸುತ್ತಿದ್ದೇವೆ. ಅದು ಎರಡು ಬಗೆಯ ಗಾಜು ಅಂಟಿಸಿದ ಜೋಡಿ ಲೆನ್ಸು. ಲಂಡನ್ನಿನಲ್ಲಿ ಲೆನ್ಸು ಮಾಡುತ್ತಿದ್ದ ಜಾನ್ ಡೊಲಂಡ್ 1758ರಲ್ಲಿ ಪೇಟೆಂಟ್ ಪಡೆದದ್ದು ಇಂಥ ಎರಡು ಬಗೆಯ ಗಾಜಿನ ಜೋಡಿಗೇ. ಒಂದು ಗಾಜು ಚದುರಿಸಿದ ಬಣ್ಣವನ್ನು ಇನ್ನೊಂದು ಬಹುಪಾಲು ಒಟ್ಟುಗೂಡಿಸುತ್ತದೆ. ಇಲ್ಲಿ ಮುಂದೆ ರಟ್ಟು ಇಟ್ಟು ಬೆಳಕು ಕಳೆಯುವ ಅಗತ್ಯ ಅಷ್ಟಿಲ್ಲ, ಲೆನ್ಸಿನ ಅಂಚನ್ನೇ ಸ್ಟಾಪ್ ಆಗಿ ಬಿಟ್ಟಿದ್ದೇವೆ. ಪೈಪಿನ ಒಳಗಿನ ಬಳೆಗಳಿಗೆ ಮಾತ್ರ ಹೊಸದಾಗಿ ಲೆಕ್ಕ ಹಾಕಬೇಕು. ಸಂಗಮ ದೂರ ಕಡಿಮೆ, ಶಂಕು ಬೇಗ ಕಿರಿದಾಗುತ್ತದೆ. ಮಕ್ಕಳು ಅದನ್ನು ಗ್ರಾಫ್ ಕಾಗದದ ಮೇಲೆ ಬರೆಯುತ್ತಿದ್ದಾರೆ.