ಒಪ್ಪಿಕೊಂಡಿದ್ದಾರಲ್ಲ ಅಂತ ಸುಮ್ಮನಿದ್ದೆ

ಮಂಗಳೂರಿನಲ್ಲಿ ನನ್ನದೊಂದು ಸಣ್ಣ ನೈಟಿ ವ್ಯಾಪಾರ. ಬಟ್ಟೆ ತಂದು ಕಟಿಂಗ್ ನಾನೇ ಮಾಡುತ್ತೇನೆ. ಹೊಲಿಯುವುದು ಅಕ್ಕಪಕ್ಕದ ಐದು ಜನ ಹೆಂಗಸರು, ಅವರವರ ಮನೆಯಲ್ಲೇ. ಒಂದು ನೈಟಿಗೆ 22 ರೂಪಾಯಿ ಕೊಡುತ್ತಿದ್ದೆ, ನೂಲು ಅವರದೇ. ಯಾರೂ ತಕರಾರು ಮಾಡಿರಲಿಲ್ಲ.

ಒಂದು ಮೇ 1ರಂದು, ಕಾರ್ಮಿಕ ಸಂತ ಜೋಸೆಫರ ಹಬ್ಬದ ದಿನ, ಇಗರ್ಜಿಯಲ್ಲಿ ಫಾದರ್ 1891ರ ‘ರೇರುಂ ನೊವಾರುಂ’ ಅನ್ನುವ ಪೋಪರ ಪತ್ರದ ಮಾತು ತೆಗೆದರು. ಬೇರೆ ದಾರಿಯಿಲ್ಲದೆ, ಇನ್ನೂ ಕೆಟ್ಟದ್ದಾದೀತು ಅನ್ನುವ ಹೆದರಿಕೆಗೆ ಕೆಲಸದವನು ಕಷ್ಟದ ಷರತ್ತಿಗೆ ಒಪ್ಪಿದರೆ, ಅವನಿಗೆ ಅನ್ಯಾಯವೇ ಆದ ಹಾಗೆ ಅಂತ 13ನೇ ಲಿಯೋ ಪೋಪರು ಅದರಲ್ಲಿ ಬರೆದಿದ್ದಾರೆ. ಇಬ್ಬರೂ ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯದ್ದಾಗುವುದಿಲ್ಲ ಅಂತ ಕ್ಯಾಥೋಲಿಕ್ ಸಭೆಯ ಬೋಧನೆಗಳ ಪುಸ್ತಕ ಕ್ಯಾಟೆಕಿಸಂನಲ್ಲೂ ಇದೆ. ಅವತ್ತು ನನಗೆ ಊಟ ಸೇರಲಿಲ್ಲ.

ಮರುದಿನ ಗಡಿಯಾರ ಎದುರಿಗಿಟ್ಟುಕೊಂಡು ನಾನೇ ಮೆಷಿನ್‌ಗೆ ಕೂತೆ. ಕತ್ತಿನ ಪೈಪಿಂಗ್ ಸುಕ್ಕಾಯಿತು. ಬಿಚ್ಚಿ ಮತ್ತೆ ಹೊಲಿದೆ. ನೈಟಿ ಮಡಚಿಡುವ ಹೊತ್ತಿಗೆ 40 ನಿಮಿಷ. ಕೈ ಪಳಗಿದವರಿಗೆ ಅರ್ಧ ಗಂಟೆ ಸಾಕು ಅಂದುಕೊಳ್ಳೋಣ. ಅಡುಗೆ, ಮಕ್ಕಳು, ನೀರು ಎಲ್ಲ ನೋಡಿಕೊಂಡು ದಿನಕ್ಕೆ 12 ಹೊಲಿದರೆ 264 ರೂಪಾಯಿ. ಅದರಲ್ಲೇ ನೂಲು, ಕರೆಂಟ್ ಬಿಲ್, ಬಂಡಲ್ ಒಯ್ಯುವ ರಿಕ್ಷಾ.

ಐವರಲ್ಲಿ ಹಿರಿಯವರನ್ನು ಕೇಳಿದೆ, “ಇದು ನಿಮಗೆ ಸಾಕಾಗ್ತದಾ?” ಅವರು ಸೆರಗಿಗೆ ಅಂಟಿದ್ದ ನೂಲಿನ ಚೂರುಗಳನ್ನು ಒಂದೊಂದಾಗಿ ತೆಗೆಯುತ್ತಾ ಕೂತರು. “ಇಲ್ಲ ಅಕ್ಕಾ. ಕೇಳಿದ್ರೆ ನೀವು ಬೇರೆಯವರಿಗೆ ಕೊಟ್ರೆ ಅಂತ ಹೆದರಿಕೆ.” ಪೋಪರು ಬರೆದ ಹೆದರಿಕೆ ನನ್ನ ಜಗಲಿಯಲ್ಲೇ ಕೂತಿತ್ತು.

ರೇಟು 35 ಮಾಡಿದೆ, ನೂಲು ನಾನೇ ಕೊಡುತ್ತೇನೆ. ನೂಲು ಸೇರಿ ಒಂದು ನೈಟಿಗೆ ಸುಮಾರು 16 ರೂಪಾಯಿ ಜಾಸ್ತಿ ಖರ್ಚು. ಅಂಗಡಿಗಳಿಗೆ 10 ರೂಪಾಯಿ ಏರಿಸಿದೆ, ಉಳಿದದ್ದು ನನ್ನ ಲಾಭದಿಂದ. ಒಂದು ಅಂಗಡಿ ಕೈಬಿಟ್ಟಿತು. 1931ರಲ್ಲೇ 11ನೇ ಪಿಯುಸ್ ಪೋಪರು ಕೂಲಿಯಲ್ಲಿ ಇಡೀ ಕುಟುಂಬ ಬದುಕಬೇಕು ಅಂದಿದ್ದರು. ಆ ಲೆಕ್ಕಕ್ಕೆ 35 ಕೂಡ ಸಾಲದು, ನನಗೆ ಗೊತ್ತು.

ನಿಜ ಹೇಳಬೇಕೆಂದರೆ ರೇಟಿಗಿಂತ ದೊಡ್ಡ ತಪ್ಪು ತಡ ಮಾಡುತ್ತಿದ್ದದ್ದು. ಅಂಗಡಿಯವರು ಕೊಟ್ಟ ಮೇಲೆ ನಾನು ಕೊಡುತ್ತಿದ್ದೆ, ಕೆಲವೊಮ್ಮೆ ಒಂದೂವರೆ ತಿಂಗಳು. ಬಡವನ ಕೂಲಿ ಹೊತ್ತು ಮುಳುಗುವ ಮೊದಲೇ ಕೊಡು ಅಂತ ಬೈಬಲಿನ ಧರ್ಮೋಪದೇಶಕಾಂಡದಲ್ಲಿ ಎಷ್ಟು ಸಲ ಓದಿದ್ದೆನೋ! ಈಗ ಕೂಲಿಗೆಂದೇ 15,000 ಬೇರೆ ಇಟ್ಟಿದ್ದೇನೆ. ಶನಿವಾರ ಸಂಜೆ ಐದಕ್ಕೆ ಲೆಕ್ಕ ಚುಕ್ತಾ.

ಮೊಂತಿ ಫೆಸ್ತ್, ಅಂದರೆ ಮರಿಯಮ್ಮನ ಹುಟ್ಟುಹಬ್ಬ, ಹತ್ತಿರ ಬಂದಾಗ ಮನೆಗೇ ಬಂದು ಕೊಳ್ಳುವವರು ಚೌಕಾಸಿ ಮಾಡುತ್ತಾರೆ. ಕೊಳ್ಳುವುದು ಬರೀ ದುಡ್ಡಿನ ವ್ಯವಹಾರ ಅಲ್ಲ, ಅದರಲ್ಲಿ ಯಾವಾಗಲೂ ಸರಿ-ತಪ್ಪು ಇದೆ ಅಂತ 2009ರಲ್ಲಿ 16ನೇ ಬೆನೆಡಿಕ್ಟ್ ಪೋಪರು ಬರೆದರಲ್ವಾ, ಅದಕ್ಕೇ ಬಿಲ್ಲಿನಲ್ಲಿ ‘ಹೊಲಿಗೆ ಕೂಲಿ 35’ ಅಂತ ಬೇರೆ ಸಾಲು ಬರೆಯುತ್ತೇನೆ. ಓದಿದ ಮೇಲೆ ಹೆಚ್ಚಿನವರು ಕೇಳಿದಷ್ಟು ಕೊಡುತ್ತಾರೆ.

ಆದರೆ ನಾನೂ ಕೊಳ್ಳುವವಳೇ. ಬಟ್ಟೆ ನೇಯ್ದವರಿಗೆ, ಬಣ್ಣ ಹಾಕಿದವರಿಗೆ ಎಷ್ಟು ಸಿಗ್ತದೆ ಅಂತ ಹೋಲ್‌ಸೇಲ್ ಅಂಗಡಿಯಲ್ಲಿ ಕೇಳಿದೆ. ಅವರಿಗೂ ಗೊತ್ತಿಲ್ಲ. ಮುಂದಿನ ವಾರ ಹೋದಾಗ ಮತ್ತೆ ಕೇಳುತ್ತೇನೆ.