ಹಳೆ ಬೆಂಜ್‌ನ ಹಿಂಬದಿ ಓಲಾಟ ನಿಂತಿದ್ದು ಹೀಗೆ

ನನ್ನದು ಮರ್ಸಿಡಿಸ್-ಬೆಂಜ್‌ನ ಡಬ್ಲ್ಯೂ124 ಮಾಡೆಲ್, 1995ರಲ್ಲಿ ಪುಣೆಯಲ್ಲಿ ಜೋಡಿಸಲು ಶುರುಮಾಡಿದ ಇ-ಕ್ಲಾಸ್. ಹೈವೇಯಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಹಿಂಭಾಗ ಪಕ್ಕಕ್ಕೆ ಎಳೆದಂತಾಗುತ್ತಿತ್ತು. ಹಿಂದಿನ ಟೈರ್‌ಗಳ ಒಳ ಅಂಚು ಬೇಗ ಸವೆದಿತ್ತು. ಶಾಕ್ ಅಬ್ಸಾರ್ಬರ್ ಬದಲಿಸಿ ಅಂದವರೇ ಜಾಸ್ತಿ. ಆದರೆ ಶಾಕ್ ಹೋದರೆ ಗಾಡಿ ಕುಣಿಯುತ್ತದೆ, ಹೀಗೆ ಪಕ್ಕಕ್ಕೆ ಎಳೆಯುವುದಿಲ್ಲ, ಅಲ್ವಾ?

ಈ ಕಾರಿನ ಹಿಂದಿನ ಒಂದೊಂದು ಚಕ್ರವನ್ನೂ ಐದು ಲಿಂಕ್‌ಗಳು, ಅಂದರೆ ಚಕ್ರವನ್ನು ಗಾಡಿಗೆ ಜೋಡಿಸುವ ಲೋಹದ ತೋಳುಗಳು, ಹಿಡಿದಿರುತ್ತವೆ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಲಿಂಕ್‌ಗಳನ್ನು ರಾಡ್ ಹಾಕಿ ಮೀಟಿ ನೋಡಿದೆ. ಲಿಂಕ್‌ನ ತುದಿಯಲ್ಲಿರುವ ರಬ್ಬರ್ ಕೀಲಿಗೆ ಬುಷ್ ಅನ್ನುತ್ತಾರೆ. ಆ ಬುಷ್‌ನ ರಬ್ಬರ್ ಒಳಗಿನ ಕಬ್ಬಿಣದ ಕೊಳವೆಯಿಂದ ಪೂರ್ತಿ ಬಿಟ್ಟುಕೊಂಡಿತ್ತು. ಐದರಲ್ಲಿ ಒಂದಾದ, ಸ್ಪ್ರಿಂಗ್ ಕೂರುವ ಕೆಳಗಿನ ಆರ್ಮ್ ಅನ್ನು ಮುಟ್ಟಲಿಲ್ಲ. ಅದಕ್ಕೆ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ. ಉಳಿದ ನಾಲ್ಕನ್ನು ಒಂದೊಂದಾಗಿ ಬಿಚ್ಚಿ ಹೊಸದು ಹಾಕಿದೆ.

ಮುಖ್ಯ ವಿಷಯ ಇಲ್ಲಿದೆ. ಚಕ್ರ ನೇತಾಡುವಾಗ ಬೋಲ್ಟ್ ಬಿಗಿ ಮಾಡಲೇಬೇಡಿ. ಹಾಗೆ ಮಾಡಿದರೆ, ಗಾಡಿ ಇಳಿಸಿದ ಮೇಲೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಕೆಳಗಿನ ಆರ್ಮ್‌ಗೆ ಜಾಕ್ ಕೊಟ್ಟು, ಗಾಡಿ ನೆಲದ ಮೇಲೆ ನಿಂತಾಗ ಇರುವ ಮಟ್ಟಕ್ಕೆ ಎತ್ತಿ, ಆಮೇಲೆ ಟಾರ್ಕ್ ರೆಂಚ್ (ಅಳತೆಗೆ ತಕ್ಕಷ್ಟೇ ಬಿಗಿ ಮಾಡುವ ಸ್ಪ್ಯಾನರ್) ಹಿಡಿದು ಬೋಲ್ಟ್ ಬಿಗಿ ಮಾಡಿ. ಕೊನೆಗೆ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿದೆ. ಈಗ ಹೈವೇಯಲ್ಲಿ ಗಾಡಿ ನೆಟ್ಟಗೆ ಹೋಗುತ್ತದೆ, ಓಡಿಸೋಕೆ ತುಂಬಾ ಖುಷಿ.