ಹಳೆಯ ಡೆಸ್ಕ್‌ಟಾಪ್‌ನಲ್ಲಿ ಡಿಸ್‌ಪ್ಲೇ ಬಾರದಿದ್ದಾಗ: ಸೆಲ್ಲಿನಿಂದ ಬಯಾಸ್‌ವರೆಗೆ

ಹತ್ತು ಹನ್ನೆರಡು ವರ್ಷ ದುಡಿದ ಡೆಸ್ಕ್‌ಟಾಪ್ ಒಂದು ಬೆಳಗ್ಗೆ ಫ್ಯಾನ್ ತಿರುಗಿಸಿ, ದೀಪ ಹೊತ್ತಿಸಿ, ಮಾನಿಟರನ್ನು ಮಾತ್ರ ಕಪ್ಪಾಗಿಯೇ ಬಿಟ್ಟರೆ ರಿಪೇರಿ ಅಂಗಡಿಯಲ್ಲಿ ಬಹುಮಟ್ಟಿಗೆ ಸಿಗುವ ತೀರ್ಪು ‘ಬೋರ್ಡ್ ಹೋಗಿದೆ ಸರ್’ ಎಂಬುದು. ರಾಜಾಜಿನಗರದ ನಮ್ಮ ಅತ್ತೆಯವರ ಮನೆಯ ಯಂತ್ರಕ್ಕೂ ಇದೇ ತೀರ್ಪು ಬಂದಿತ್ತು. ಅದನ್ನು ಊಟದ ಮೇಜಿನ ಮೇಲೆ ಮಲಗಿಸಿ ಪಕ್ಕದ ಬಾಗಿಲು ತೆಗೆದಾಗ ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕ್ ಮೇಲೆ ಕಂಬಳಿಯಷ್ಟು ದಪ್ಪನೆಯ ದೂಳು ಕುಳಿತಿತ್ತು. ಕ್ಯಾಬಿನೆಟ್ಟಿನ ಮೇಲ್ಭಾಗದ ಕಿಂಡಿಗಳ ಮೂಲಕ ವರ್ಷವರ್ಷವೂ ಆಯುಧಪೂಜೆಯ ಅರಿಶಿನ ಕುಂಕುಮ ಒಳಗಿಳಿದು ರ್‍ಯಾಮ್ ಸ್ಲಾಟಿನ ಸಂದಿಯಲ್ಲಿ ಕೆಂಪಗೆ ಗೆರೆ ಎಳೆದಂತೆ ಸೇರಿಕೊಂಡಿತ್ತು. ಸ್ಲಾಟನ್ನು ಬ್ರಷ್ಷಿನಿಂದ ಗುಡಿಸಿ, ರ್‍ಯಾಮಿನ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಕೂರಿಸಿದ ಮೇಲೆ ಹೋದ ಬೋರ್ಡು ಮರಳಿ ಬಂತು. ಪೂಜೆ ಬೇಡವೆಂದು ನಾನು ಹೇಳುತ್ತಿಲ್ಲ. ಕುಂಕುಮವನ್ನು ಮುಂಭಾಗಕ್ಕೆ ಇಟ್ಟರೆ ಸಾಕು.

ಯಾವ ಭಾಗವನ್ನಾದರೂ ಬದಲಿಸುವ ಮೊದಲು ಯಂತ್ರ ಏಳುವ ಕ್ರಮವನ್ನು ತಿಳಿದಿರಬೇಕು. ಗುಂಡಿ ಒತ್ತಿದಾಗ ಎಸ್‌ಎಂಪಿಎಸ್, ಅಂದರೆ ಯಂತ್ರಕ್ಕೆ ವಿದ್ಯುತ್ ಪೂರೈಸುವ ಪೆಟ್ಟಿಗೆ, ತನ್ನ ವೋಲ್ಟೇಜ್ ಸ್ಥಿರವಾಗಿದೆಯೆಂದು ಬೋರ್ಡಿಗೆ ತಿಳಿಸುತ್ತದೆ. ಪ್ರೊಸೆಸರ್ ಎದ್ದು ಬೋರ್ಡಿನ ಮೇಲಿನ ಸಣ್ಣ ಚಿಪ್ಪಿನಿಂದ ಬಯಾಸ್ ಎಂಬ ಫರ್ಮ್‌ವೇರನ್ನು (ಚಿಪ್ಪಿನಲ್ಲೇ ಬರೆದಿಟ್ಟ, ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಓದುತ್ತದೆ. ಬಯಾಸ್ ಮೊದಲು ಮೆಮೊರಿಯನ್ನು (ರ್‍ಯಾಮ್), ಅನಂತರ ಗ್ರಾಫಿಕ್ಸನ್ನು, ಕೊನೆಗೆ ಡಿಸ್ಕನ್ನು ಎಬ್ಬಿಸುತ್ತದೆ. ಮೆಮೊರಿ ಸಿದ್ಧವಾಗುವುದಕ್ಕೆ ಮುಂಚೆ ತೆರೆಯ ಮೇಲೆ ಅಕ್ಷರ ಮೂಡಿಸಲು ಬಯಾಸಿಗೆ ಸಾಧ್ಯವಿಲ್ಲದ ಕಾರಣ, ರ್‍ಯಾಮಿನ ದೋಷವೂ ನಮಗೆ ‘ಡಿಸ್‌ಪ್ಲೇ ಬರುತ್ತಿಲ್ಲ’ ಎಂದೇ ಕಾಣುತ್ತದೆ. ಆದ್ದರಿಂದ ಏನು ಕೆಟ್ಟಿದೆ ಎಂದು ಊಹಿಸುವುದಕ್ಕಿಂತ ಎಲ್ಲಿ ನಿಂತಿತು ಎಂದು ಹುಡುಕುವುದು ಸುಲಭ, ಮತ್ತು ಒಂದು ಸಲಕ್ಕೆ ಒಂದೇ ಒಂದು ವಸ್ತುವನ್ನು ಬದಲಿಸಿ ನೋಡುವುದು ಕಡ್ಡಾಯ. ಎರಡನ್ನು ಒಟ್ಟಿಗೆ ಬದಲಿಸಿದವರಿಗೆ ಯಂತ್ರ ಸರಿಹೋದರೂ ಕಾರಣ ಸಿಗುವುದಿಲ್ಲ.

ಕೈ ಹಾಕುವ ಮೊದಲು ಗೋಡೆಯ ಪ್ಲಗ್ಗನ್ನು ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹರಿಯಬಿಡಬೇಕು. ಬೆಂಗಳೂರಿನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಗಾಳಿ ಒಣಗಿರುವುದರಿಂದ ಮೈಯಲ್ಲಿ ಸ್ಥಾಯೀ ವಿದ್ಯುತ್ ಸೇರುತ್ತದೆ; ಆಗಾಗ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟುತ್ತಿರಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರುಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು. ಹಾಗೆಯೇ ಬೋರ್ಡಿನಲ್ಲಿ ಪ್ರೊಸೆಸರಿನ ಸುತ್ತಲಿನ ಕೆಪಾಸಿಟರುಗಳ ನೆತ್ತಿಯನ್ನು ಟಾರ್ಚ್ ಹಿಡಿದು ನೋಡಿ. ಅದು ಚಪ್ಪಟೆಯಾಗಿರಬೇಕು, ಉಬ್ಬಿದ್ದರೆ ಅಥವಾ ಕಂದು ಅಂಟು ಒಸರಿದ್ದರೆ ಮುಂದಿನ ಯಾವ ಪರೀಕ್ಷೆಯ ಫಲಿತಾಂಶವನ್ನೂ ನಂಬುವಂತಿಲ್ಲ. 2000ದ ದಶಕದ ಮೊದಲರ್ಧದ ಅನೇಕ ಬೋರ್ಡುಗಳು ಕೆಪಾಸಿಟರಿನೊಳಗಿನ ಕಳಪೆ ಎಲೆಕ್ಟ್ರೊಲೈಟ್ ದ್ರವದಿಂದಾಗಿ ಈ ರೀತಿಯಲ್ಲೇ ಸತ್ತವು.

ಅನಂತರದ ಸರದಿ ಮೂರು ವೋಲ್ಟಿನ ಸೆಲ್ಲಿನದು. ಸಿಆರ್2032 ಎಂಬ ಈ ಗುಂಡು ಸೆಲ್ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಇರುತ್ತದೆ. ಬೋರ್ಡಿನ ಗಡಿಯಾರವನ್ನೂ ಸಿಮಾಸ್ ಎಂಬ ಪುಟ್ಟ ಮೆಮೊರಿಯಲ್ಲಿರುವ ಬಯಾಸ್ ಸೆಟ್ಟಿಂಗುಗಳನ್ನೂ ಕಾಯುವುದು ಅದರ ಕೆಲಸ. ಮಲ್ಟಿಮೀಟರಿನಲ್ಲಿ 2.8 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಯೋಚಿಸದೆ ಬದಲಿಸಿ. ಸೆಲ್ ಸತ್ತ ಯಂತ್ರದ ದಿನಾಂಕ ಬೋರ್ಡು ತಯಾರಾದ ಕಾಲಕ್ಕೆ ಹಿಂದೋಡುವುದರಿಂದ ಬ್ಯಾಂಕಿನ ಜಾಲತಾಣವೂ ಸೇರಿದಂತೆ ಎಲ್ಲವೂ ಸರ್ಟಿಫಿಕೇಟ್ ಸರಿಯಿಲ್ಲವೆಂದು ನಿರಾಕರಿಸುತ್ತವೆ, ಮನೆಯವರು ಇಂಟರ್ನೆಟ್ ಕೆಟ್ಟಿದೆಯೆಂದು ಕೇಬಲ್‌ನವರಿಗೆ ಫೋನು ಮಾಡುತ್ತಾರೆ. ಇದಕ್ಕಿಂತ ಗೊಂದಲದ ಸಂಗತಿ ಇನ್ನೊಂದಿದೆ: ಬೋರ್ಡು ಡಿಸ್ಕಿನೊಡನೆ ಯಾವ ವಿಧಾನದಲ್ಲಿ ಮಾತಾಡಬೇಕೆಂದು ಹೇಳುವ ಸಾಟಾ ಸೆಟ್ಟಿಂಗ್ ಎಎಚ್‌ಸಿಐ ಇದ್ದದ್ದು ಡೀಫಾಲ್ಟಿನ ಐಡಿಇಗೆ ಮರಳಿದರೆ, ವಿಂಡೋಸ್ ಅರ್ಧ ಎದ್ದು ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ತೆರೆ ತೋರಿಸಿ ಬೀಳುತ್ತದೆ. ಹಾರ್ಡ್ ಡಿಸ್ಕ್ ಕೆಟ್ಟಿತೆಂದು ಫಾರ್ಮ್ಯಾಟ್ ಮಾಡಿಸಿಕೊಂಡು ವರ್ಷಗಳ ಫೋಟೋ ಕಳೆದುಕೊಂಡವರು ಇದ್ದಾರೆ. ಬೇಕಾಗಿದ್ದದ್ದು ಬಯಾಸ್ ಒಳಗೆ ಹೋಗಿ ಒಂದು ಸಾಲನ್ನು ಬದಲಿಸುವುದಷ್ಟೇ. ಆದ್ದರಿಂದ ಯಂತ್ರ ಇನ್ನೂ ಏಳುತ್ತಿರುವಾಗಲೇ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್ ಪುಟಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಸೆಟ್ಟಿಂಗುಗಳನ್ನು ಅಳಿಸಲು ಸೆಲ್ ತೆಗೆದು ಐದು ನಿಮಿಷ ಬಿಡುವುದು, ಅಥವಾ ಕ್ಲಿಯರ್ ಸಿಮಾಸ್ ಪಿನ್ನುಗಳನ್ನು ಜಂಪರ್ ಎಂಬ ಪುಟ್ಟ ಟೊಪ್ಪಿಗೆಯಿಂದ ಕೆಲವು ಸೆಕೆಂಡು ಜೋಡಿಸುವುದು ಆಮೇಲಿನ ಮಾತು.

ಈಗ ಬೀಪ್. ಇತ್ತೀಚಿನ ಕ್ಯಾಬಿನೆಟ್ಟುಗಳಲ್ಲಿ ಪುಟ್ಟ ಸ್ಪೀಕರೇ ಇರುವುದಿಲ್ಲ, ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವ ಇದಕ್ಕಿಂತ ಉಪಯುಕ್ತವಾದ ಸಲಕರಣೆ ನನಗೆ ಗೊತ್ತಿಲ್ಲ. ಅದನ್ನು ಬೋರ್ಡಿನ ಸ್ಪೀಕರ್ ಪಿನ್ನುಗಳಿಗೆ ಸಿಕ್ಕಿಸಿ, ಎಲ್ಲ ರ್‍ಯಾಮುಗಳನ್ನೂ ಹೊರತೆಗೆದು, ಯಂತ್ರವನ್ನು ಆನ್ ಮಾಡಿ. ಬೋರ್ಡು ಕಿರುಚಿದರೆ ಸಂತೋಷಪಡಿ: ಮೆಮೊರಿ ಇಲ್ಲವೆಂದು ದೂರುವಷ್ಟು ಪ್ರೊಸೆಸರೂ ಬಯಾಸೂ ಬದುಕಿವೆ ಎಂದರ್ಥ. ರ್‍ಯಾಮ್ ಇಲ್ಲದಿದ್ದರೂ ಪೂರ್ಣ ಮೌನವಿದ್ದರೆ ದೋಷ ಎಸ್‌ಎಂಪಿಎಸ್, ಪ್ರೊಸೆಸರ್, ಬೋರ್ಡ್ ಅಥವಾ ಫರ್ಮ್‌ವೇರಿನಲ್ಲಿದೆ; ಇನ್ನೊಂದು ಎಸ್‌ಎಂಪಿಎಸ್ ಜೋಡಿಸಿ ನೋಡುವುದು ಆಗಿನ ಮೊದಲ ಹೆಜ್ಜೆ. ಬೀಪಿನ ಭಾಷೆ ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತದೆಯಾದರೂ ಅವಾರ್ಡ್ ಕಂಪನಿಯ ಬಯಾಸಿನ ಒಂದು ಉದ್ದ, ಎರಡು ಗಿಡ್ಡ ಸದ್ದನ್ನು ನೆನಪಿಡಬಹುದು. ಶಾಲೆಯಲ್ಲಿ ಛಂದಸ್ಸು ಕಲಿತವರಿಗೆ ಅದು ಭಗಣ. ಯಂತ್ರಕ್ಕೆ ಅದು ಗ್ರಾಫಿಕ್ಸಿನ ದೋಷ.

ರ್‍ಯಾಮಿನ ಪರೀಕ್ಷೆಗೆ ತಾಳ್ಮೆ ಬೇಕು. ಒಂದೇ ಕಡ್ಡಿಯನ್ನು ಒಂದೊಂದೇ ಸ್ಲಾಟಿನಲ್ಲಿ ಕೂರಿಸಿ ನೋಡಿ, ಆಮೇಲೆ ಇನ್ನೊಂದು ಕಡ್ಡಿಯೊಂದಿಗೆ ಅದನ್ನೇ ಪುನರಾವರ್ತಿಸಿ. ಹೀಗೆ ಮಾಡಿದಾಗ ಕೆಟ್ಟದ್ದು ಕಡ್ಡಿಯೋ ಸ್ಲಾಟೋ ತಾನಾಗಿಯೇ ಬೇರ್ಪಡುತ್ತದೆ. ಎರಡೂ ಬದಿಯ ಕೊಕ್ಕೆ ‘ಟಕ್’ ಎಂದು ಬೀಳುವವರೆಗೆ ಒತ್ತಬೇಕು, ಅರ್ಧ ಕುಳಿತ ರ್‍ಯಾಮ್ ಕಣ್ಣಿಗೆ ಪೂರ್ತಿ ಕುಳಿತಂತೆಯೇ ಕಾಣುತ್ತದೆ. ಯಂತ್ರ ಏಳುತ್ತದೆ, ಆದರೆ ಬೇಕಾಬಿಟ್ಟಿ ಸ್ಥಗಿತಗೊಳ್ಳುತ್ತದೆ ಎನ್ನುವುದಾದರೆ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ಜೋಡಣೆ ನಂಬಿಕೆಗೆ ಅರ್ಹವಲ್ಲ; ‘ಒಂದು ತಪ್ಪು ತಾನೇ’ ಎನ್ನುವ ಉದಾರತೆ ಇಲ್ಲಿ ಸಲ್ಲದು.

ಹಳೆಯ ರ್‍ಯಾಮ್ ಕೊಳ್ಳುವಾಗ ಮೋಸ ಹೋಗುವ ಜಾಗ ಬೇರೆಯೇ ಇದೆ. ರ್‍ಯಾಮಿನ ಬೇರೆ ಬೇರೆ ತಲೆಮಾರುಗಳಾದ ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240 ಪಿನ್ನುಗಳೇ ಆದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ವೋಲ್ಟೇಜೂ 1.8 ಮತ್ತು 1.5 ಎಂದು ಬೇರೆ, ಒತ್ತಾಯದಿಂದ ತುರುಕಬಾರದು. ಕಚ್ಚು ಸರಿಹೊಂದಿದರೂ ಕೆಲಸ ಮಾಡದ ರ್‍ಯಾಮುಗಳಿವೆ. ಇಂಟೆಲ್‌ನ ಜಿ41 ಚಿಪ್‌ಸೆಟ್ ಇರುವ ಹಳೆಯ ಬೋರ್ಡು 4 ಜಿಬಿಯ ಡಿಡಿಆರ್3 ಕಡ್ಡಿಯನ್ನು ಒಪ್ಪಬೇಕಾದರೆ ಅದರ ಎರಡೂ ಬದಿ ಸೇರಿ ಹದಿನಾರು ಚಿಪ್ಪುಗಳಿರಬೇಕು. ಎಂಟೇ ಚಿಪ್ಪುಗಳಲ್ಲಿ 4 ಜಿಬಿ ತುಂಬಿದ ಹೊಸ ಕಡ್ಡಿಯ ಚಿಪ್ಪುಗಳ ಸಾಂದ್ರತೆಯನ್ನು ಆ ಚಿಪ್‌ಸೆಟ್ ಅರಿಯದು. ಇನ್ನು ಬಹಳ ಅಗ್ಗಕ್ಕೆ ಸಿಗುವ ಕೆಲವು ಕಡ್ಡಿಗಳು ಎಎಂಡಿ ಬೋರ್ಡುಗಳಲ್ಲಿ ಮಾತ್ರ ಓಡುತ್ತವೆ. ಅಂಗಡಿಯವರಿಗೆ ಬೋರ್ಡಿನ ಮಾದರಿ ಸಂಖ್ಯೆಯನ್ನೇ ಹೇಳಿ ಕೇಳಿ, ಸಾಧ್ಯವಾದರೆ ಕ್ಯಾಬಿನೆಟ್ಟನ್ನೇ ಒಯ್ದು ಅಲ್ಲಿಯೇ ಹಾಕಿಸಿ ನೋಡಿ. ಟೌನ್‌ಹಾಲ್ ಬಳಿ ಆಟೋ ಇಳಿದು ಭಾರ ಹೊರುವ ಕಷ್ಟ, ಮರಳಿ ಬದಲಿಸಿಕೊಡಿ ಎಂದು ವಾದಿಸುವ ಕಷ್ಟಕ್ಕಿಂತ ಕಡಿಮೆ. ನಾಲ್ಕು ಜಿಬಿ ಹಾಕಿದರೂ ವಿಂಡೋಸ್ ಸುಮಾರು 3.25 ಜಿಬಿ ಮಾತ್ರ ತೋರಿಸುತ್ತಿದ್ದರೆ ರ್‍ಯಾಮನ್ನು ದೂರಬೇಡಿ, ಅದು 32 ಬಿಟ್ ವ್ಯವಸ್ಥೆಯ ಮಿತಿ.

ಗ್ರಾಫಿಕ್ಸ್ ವಿಷಯದಲ್ಲಿ ನಾಚಿಕೆಯಾಗುವಷ್ಟು ಸರಳವಾದ ತಪ್ಪನ್ನು ಮೊದಲು ನೋಡಿಕೊಳ್ಳಿ: ಪ್ರತ್ಯೇಕ ಕಾರ್ಡ್ ಇರುವ ಯಂತ್ರದಲ್ಲಿ ಮಾನಿಟರಿನ ಕೇಬಲ್ ಬೋರ್ಡಿನ ವಿಜಿಎ ಪೋರ್ಟಿಗೆ ಸಿಕ್ಕಿಕೊಂಡಿಲ್ಲವೇ? ಅದು ಸರಿಯಿದ್ದರೆ ಕಾರ್ಡನ್ನು ತೆಗೆದು, ಬೋರ್ಡಿನಲ್ಲೇ ಅಥವಾ ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಅದರಿಂದ ಚಿತ್ರ ಬರುತ್ತದೆಯೇ ನೋಡಿ. ಬಂದರೆ ಸಂಶಯ ಕಾರ್ಡು, ಸ್ಲಾಟು ಮತ್ತು ಎಸ್‌ಎಂಪಿಎಸ್ ಮೂರಕ್ಕೆ ಇಳಿಯುತ್ತದೆ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಹೆಚ್ಚೆಂದರೆ 75 ವಾಟ್ ಕೊಡುತ್ತದೆ. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಆರು ಅಥವಾ ಎಂಟು ಪಿನ್ನಿನ ಪ್ರತ್ಯೇಕ ತಂತಿ ಬೇಕು. ಚಿತ್ರದಲ್ಲಿ ಬಣ್ಣದ ಚೌಕಗಳೂ ಗೆರೆಗಳೂ ಮೂಡುತ್ತಿದ್ದರೆ ಬಯಾಸ್ ಪುಟವನ್ನು ತೆರೆಯಿರಿ. ಅಲ್ಲಿಯೂ ಗೆರೆಗಳಿದ್ದರೆ ಡ್ರೈವರನ್ನು ಎಷ್ಟು ಸಲ ಬದಲಿಸಿದರೂ ವ್ಯರ್ಥ, ಏಕೆಂದರೆ ಆ ಹೊತ್ತಿಗೆ ವಿಂಡೋಸ್ ಇನ್ನೂ ಲೋಡೇ ಆಗಿರುವುದಿಲ್ಲ. ಕೇಬಲ್ಲನ್ನೂ ಮಾನಿಟರನ್ನೂ ಬದಲಿಸಿದ ಮೇಲೂ ಉಳಿದರೆ ಕಾರ್ಡೇ ಕೆಟ್ಟಿದೆ. ವಿಂಡೋಸ್ ಒಳಗೆ ಮಾತ್ರ ಕಂಡರೆ ಸೇಫ್ ಮೋಡಿನಲ್ಲಿ ಹಳೆಯ ಡ್ರೈವರನ್ನು ಕಿತ್ತು ಹೊಸದಾಗಿ ಹಾಕಿ. ಕಾರ್ಡನ್ನು ಓವನ್ನಿನಲ್ಲಿ ಬೇಯಿಸಿ ಬದುಕಿಸುವ ವೀಡಿಯೊಗಳನ್ನು ನೋಡಿ ರಂಜನೆ ಪಡೆಯಿರಿ, ಅಡುಗೆಮನೆಯಲ್ಲಿ ಅನುಕರಿಸಬೇಡಿ.

ಹೊಸ ಕಾರ್ಡು, ಹಳೆಯ ಮಾನಿಟರ್ ಕೂಡಿದಲ್ಲಿಯೂ ತೊಡಕಿದೆ. ಎನ್ವಿಡಿಯಾದ ಜಿಟಿಎಕ್ಸ್ 10 ಸರಣಿಯಿಂದ ಡಿವಿಐ ಪೋರ್ಟಿನಲ್ಲಿ ವಿಜಿಎಗೆ ಬೇಕಾದ ಅನಲಾಗ್ ಸಂಕೇತ ಬರುವುದಿಲ್ಲವಾದ್ದರಿಂದ ಅಗ್ಗದ ಡಿವಿಐ-ವಿಜಿಎ ಜೋಡಕದಿಂದ ಪ್ರಯೋಜನವಿಲ್ಲ. ಒಳಗೆ ಚಿಪ್ ಇರುವ ಎಚ್‌ಡಿಎಂಐ-ವಿಜಿಎ ಪರಿವರ್ತಕವನ್ನೇ ಕೊಳ್ಳಬೇಕು.

ಬಯಾಸ್ ಅಪ್‌ಡೇಟನ್ನು ಕೊನೆಗೆ ಉಳಿಸಿದ್ದು ಉದ್ದೇಶಪೂರ್ವಕವಾಗಿ. ನೆನ್ನೆಯವರೆಗೆ ಓಡುತ್ತಿದ್ದ ಯಂತ್ರ ಇಂದು ನಿಂತಿದ್ದರೆ ಹೊಸ ಬಯಾಸ್ ಅದಕ್ಕೆ ಮದ್ದಲ್ಲ. ಹೊಸ ಪ್ರೊಸೆಸರನ್ನೋ ಕಾರ್ಡನ್ನೋ ಬೋರ್ಡು ಗುರುತಿಸದಿದ್ದಾಗ ಮಾತ್ರ ಅದಕ್ಕೆ ಅರ್ಥವಿದೆ. 2011ರಲ್ಲಿ ಎರಡನೆಯ ತಲೆಮಾರಿನ ಇಂಟೆಲ್ ಕೋರ್ ಪ್ರೊಸೆಸರುಗಳಿಗಾಗಿ ಬಂದ ಎಚ್61 ಬೋರ್ಡುಗಳಿಗೆ 2012ರ ಮೂರನೆಯ ತಲೆಮಾರಿನದನ್ನು ಕೂರಿಸುವುದು ಇದಕ್ಕೆ ಒಳ್ಳೆಯ ಉದಾಹರಣೆ: ಅಲ್ಲಿ ಹಳೆಯ ಪ್ರೊಸೆಸರ್ ಇರುವಾಗಲೇ ಅಪ್‌ಡೇಟ್ ಮುಗಿಸಿಕೊಳ್ಳಬೇಕು. ಬೋರ್ಡಿನ ಮೇಲೆ ಮುದ್ರಿಸಿರುವ ಮಾದರಿಯ ಜೊತೆಗೆ ರಿವಿಷನ್ ಸಂಖ್ಯೆಯನ್ನೂ ಓದಿಕೊಂಡು, ತಯಾರಕರ ಜಾಲತಾಣದಿಂದ ಅದಕ್ಕೇ ಹೊಂದುವ ಕಡತವನ್ನು ಇಳಿಸಿಕೊಂಡು, ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿ, ಬಯಾಸ್ ಒಳಗಿನ ಇಝಡ್ ಫ್ಲ್ಯಾಶ್ ಅಥವಾ ಕ್ಯೂ-ಫ್ಲ್ಯಾಶ್‌ನಂಥ ಸೌಲಭ್ಯದಿಂದಲೇ ಬರೆಯಿರಿ. ವಿಂಡೋಸ್ ಒಳಗಿನಿಂದ ಬರೆಯುವ ಸಾಧನಗಳನ್ನು ನಾನು ಬಳಸುವುದಿಲ್ಲ. ಬ್ಯಾಟರಿ ಗಟ್ಟಿಯಿರುವ ಯುಪಿಎಸ್ ಇಲ್ಲದಿದ್ದರೆ, ಅದರಲ್ಲೂ ಸಂಜೆ ಮೋಡ ಕವಿದಿರುವ ಏಪ್ರಿಲ್-ಮೇ ತಿಂಗಳಲ್ಲಿ, ಬೆಸ್ಕಾಂ ಮೇಲೆ ಭಾರ ಹಾಕಿ ಈ ಕೆಲಸ ಆರಂಭಿಸಬೇಡಿ.

ಬರೆಯುವಾಗ ಕರೆಂಟ್ ಹೋಗಿ ಬೋರ್ಡು ಮೂಕವಾಗಿದ್ದರೆ ಗಿಗಾಬೈಟ್‌ನ ಡ್ಯುಯಲ್ ಬಯಾಸ್ ಬೋರ್ಡುಗಳು ಎರಡನೆಯ ಚಿಪ್ಪಿನಿಂದ ಚೇತರಿಸಿಕೊಳ್ಳಬಲ್ಲವು. ಉಳಿದವುಗಳಲ್ಲಿ ಎಂಟು ಕಾಲಿನ ಬಯಾಸ್ ಚಿಪ್ಪನ್ನು ಹುಡುಕಿ. ಅದು ಸಾಕೆಟ್ಟಿನಲ್ಲಿ ಕುಳಿತಿದ್ದರೆ ಮೂಲೆಯ ಚುಕ್ಕಿ ಯಾವ ದಿಕ್ಕಿಗಿದೆಯೆಂದು ಚಿತ್ರ ತೆಗೆದುಕೊಂಡು, ಮೆಲ್ಲಗೆ ಎಬ್ಬಿಸಿ, ಚಿಪ್ಪಿಗೆ ಬರೆಯುವ ಪ್ರೋಗ್ರಾಮರ್ ಸಾಧನ ಇಟ್ಟುಕೊಂಡಿರುವವರ ಬಳಿ ಒಯ್ಯಿರಿ. ಬೆಸುಗೆ ಹಾಕಿದ ಚಿಪ್ಪಾದರೆ ಇಡೀ ಬೋರ್ಡನ್ನೇ ಕೊಡಬೇಕಾಗುತ್ತದೆ. ಹೊಸದನ್ನು ಬರೆಯುವ ಮೊದಲು ಚಿಪ್ಪಿನಲ್ಲಿ ಉಳಿದಿರುವುದನ್ನು ಎರಡು ಸಲ ಓದಿ, ಎರಡೂ ಪ್ರತಿಗಳು ಒಂದೇ ಆಗಿವೆಯೆಂದು ತಾಳೆ ನೋಡಿ ತೆಗೆದಿಡಲು ಅವರಿಗೆ ಹೇಳಿ, ನೆಟ್‌ವರ್ಕಿನಲ್ಲಿ ಯಂತ್ರವನ್ನು ಗುರುತಿಸುವ ಮ್ಯಾಕ್ ವಿಳಾಸ ಕೆಲವು ಬೋರ್ಡುಗಳಲ್ಲಿ ಆ ಚಿಪ್ಪಿನೊಳಗೇ ಇರುತ್ತದೆ. ಮರಳಿ ಕೂರಿಸಿದ ಮೇಲೆ ಡೀಫಾಲ್ಟ್ ಸೆಟ್ಟಿಂಗುಗಳನ್ನು ಲೋಡ್ ಮಾಡಿ, ಮೊಬೈಲಿನಲ್ಲಿರುವ ಚಿತ್ರ ನೋಡಿಕೊಂಡು ಸಾಟಾ ಸಾಲನ್ನೂ ದಿನಾಂಕವನ್ನೂ ಮೊದಲಿನಂತೆ ಮಾಡಿದ ನಂತರವೇ ಹಾರ್ಡ್ ಡಿಸ್ಕಿನ ಕೇಬಲ್ಲನ್ನು ಜೋಡಿಸಿ.